ಕಾಯಿಲೆಯೇ ಇಲ್ಲದ ರೋಗಿ, ನಮ್ಮ ಮಾವ

ನಮ್ಮ ಸೋದರಮಾವನಷ್ಟು ಗಟ್ಟಿಮುಟ್ಟಾದ ರೋಗಿಯನ್ನು ನೀವು ಈ ಮುಂಬಯಿಯಲ್ಲಿ ಎಲ್ಲೂ ನೋಡಿರಲಾರಿರಿ! ಎಪ್ಪತ್ತು ದಾಟಿದರೂ ಬಿಪಿ ಇಲ್ಲ, ಶುಗರ್ ಇಲ್ಲ, ಮೊಣಕಾಲುಗಳು ಮೊನ್ನೆ ತಾನೇ ಅಂಗಡಿಯಿಂದ ತಂದಂತಿವೆ. ಆದರೆ ಭಾಂಡುಪ್‌ನಿಂದ ಮಲಾಡ್‌ವರೆಗೆ ಅವರು ಚೀಟಿ ಮಾಡಿಸದ ಧರ್ಮದ ದವಾಖಾನೆಯಿಲ್ಲ, ನಾಲಿಗೆ ಚಾಚಿ ತೋರಿಸದ ಡಾಕ್ಟರಿಲ್ಲ. ಹಾಗಾದರೆ ಅವರಿಗಿರುವ ರೋಗವಾದರೂ ಯಾವುದು?

ನಮ್ಮ ಕರಾವಳಿಯ ಹೋಟೆಲಿನವರೆಲ್ಲ ಸೇರಿ ಕಟ್ಟಿದ ಒಂದು ನೆರವಿನ ನಿಧಿ ಇದೆ. ಹೋಟೆಲುಗಳ ಗಲ್ಲೆಯ ಪಕ್ಕ ಇಟ್ಟ ಡಬ್ಬದ ಚಿಲ್ಲರೆ, ಬಿಲ್ಡಿಂಗಿನ ಗಣಪತಿ ಚಂದಾದಲ್ಲಿ ಉಳಿದದ್ದು, ಆಫೀಸಿಗೆ ಹೋಗುವವರು ಸಂಬಳದಲ್ಲಿ ತೆಗೆದಿಟ್ಟದ್ದು, ಎಲ್ಲವೂ ಅಲ್ಲಿಗೆ ಬರುತ್ತದೆ. ಅಲ್ಲಿಂದ ಉಪನಗರಗಳ ಸಣ್ಣಪುಟ್ಟ ದವಾಖಾನೆಗಳಿಗೆ, ವಯಸ್ಸಾದವರನ್ನು ನೋಡಿಕೊಳ್ಳುವ ಕೇಂದ್ರಗಳಿಗೆ ಹಂಚಿಕೆಯಾಗುತ್ತದೆ. ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ಮಾವನೂ ಒಬ್ಬರು. ಉಳಿದ ಸದಸ್ಯರು ಅರ್ಜಿ ಓದುತ್ತಾರೆ, ಫೋಟೋ ನೋಡುತ್ತಾರೆ, ಚಹಾ ಕುಡಿದು ಸಹಿ ಹಾಕುತ್ತಾರೆ. ಮಾವ ಮಾತ್ರ ರೋಗಿಯಾಗಿ ಹೋಗುತ್ತಾರೆ!

"ಇಡ್ಲಿ ತಿಂದು ಉಳಿದ ಚಿಲ್ಲರೆ ಡಬ್ಬಕ್ಕೆ ಹಾಕಿದವ ನಾಳೆ ಹಲ್ಲುನೋವು ಅಂತ ಅಲ್ಲಿಗೇ ಹೋದ್ರೆ, ಅವನನ್ನು ಮನುಷ್ಯ ಅಂತ ನೋಡ್ತಾರಾ ಇಲ್ವಾ? ಅದು ಫೋಟೋದಲ್ಲಿ ಕಾಣ್ತದಾ ಮಾರಾಯ್ತಿ?" ಎಂಬುದು ಅವರ ವಾದ.

ಮಾರಾಯ್ತಿ ಎಂದರೆ ನಾನು, ಅವರ ತಂಗಿಯ ಮಗಳು. ಈ ದಂಡಯಾತ್ರೆಗಳಿಗೆ ಜೊತೆಯಾಗಿ ಹೋಗಿ, ಅಗತ್ಯ ಬಿದ್ದರೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ನನ್ನ ಕೆಲಸ.

ಭಾಂಡುಪ್‌ನ ಒಂದು ಹಲ್ಲಿನ ದವಾಖಾನೆಯವರು ಹೊಸ ಕುರ್ಚಿಗಾಗಿ ಅರ್ಜಿ ಹಾಕಿದ್ದರು. ಮಾವ ಇದ್ದುದರಲ್ಲೇ ಹಳೆಯ ಅಂಗಿ ಹಾಕಿಕೊಂಡು, ನಿಜವಾದ ರೋಗಿಗಳ ಸರದಿ ತಪ್ಪದಂತೆ ಎಲ್ಲರಿಗಿಂತ ಕೊನೆಯಲ್ಲಿ ಕುಳಿತರು. ಹುಡುಗ ಡಾಕ್ಟರು, "ಬಾಬಾ, ಕೌನ್ಸಾ ದಾಂತ್?" ಎಂದು ಕೇಳಿದ. ಮಾವ ಕೈಗೆ ಸಿಕ್ಕ ಹಲ್ಲು ತೋರಿಸಿದರು. ಡಾಕ್ಟರು ತಟ್ಟಿ ನೋಡಿ, ಏನೂ ಆಗಿಲ್ಲ ಎಂದ. ಮಾವ ಇನ್ನೊಂದು ತೋರಿಸಿದರು. ಅದೂ ಸರಿ ಇದೆ ಎಂದ. "ಹಾಗಾದ್ರೆ ನಿಮಗೆ ಇಷ್ಟವಾದ ಒಂದನ್ನು ಕೀಳಿ!" ಎಂದು ಮಾವ ಬಾಯಿ ತೆರೆದೇ ಕುಳಿತುಬಿಟ್ಟರು. ಡಾಕ್ಟರು ಕೈಮುಗಿದು, ಒಂದು ಬ್ರಶ್ ಕೊಟ್ಟು, ಮನೆಗೆ ಹೋಗಿ ಎಂದ.

ಸ್ಟೇಶನ್ನಿನವರೆಗೂ ಮಾವ ಹಿಗ್ಗಿ ಹೀರೇಕಾಯಿ. "ಬಾಯಿ ಕಂಡರೂ ಕೈ ಹಾಕದ ಡೆಂಟಿಸ್ಟ್! ಇವನಿಗೆ ಕುರ್ಚಿ ಕೊಡದೆ ಮತ್ತೆ ಯಾರಿಗೆ ಕೊಡುವುದು?"

ಎಲ್ಲ ಕಡೆಯೂ ಇವರ ನಾಟಕ ನಡೆಯಿತೆಂದುಕೊಳ್ಳಬೇಡಿ. ಮಲಾಡಿನಲ್ಲಿ ಕೈಕಾಲು ನೋವಿನವರಿಗೆ ವ್ಯಾಯಾಮ ಮಾಡಿಸುವ ಕೇಂದ್ರವೊಂದಿತ್ತು. ಅದನ್ನು ನಡೆಸುತ್ತಿದ್ದವರು ಹುಬ್ಬಳ್ಳಿ ಕಡೆಯ ಒಬ್ಬ ಬೀಬಿ. ಮಾವ ಕುಂಟುತ್ತಾ ಒಳಗೆ ಹೋದರು. ಆಕೆ ಕಾಲು ಮಡಿಸಿ, ಚಾಚಿ, ತಿರುಗಿಸಿ ನೋಡಿದರು. ಮಾವ ತಕ್ಕ ಜಾಗಗಳಲ್ಲಿ "ಅಯ್ಯೋ" ಎಂದರು. ನನ್ನ ಕಣ್ಣಿಗಂತೂ ಬಹುಮಾನ ಕೊಡಬಹುದಾದ ಅಭಿನಯ! ಬಾಗಿಲ ತನಕ ಬೀಳ್ಕೊಡಲು ಬಂದ ಆಕೆ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು, "ಯಜಮಾನ್ರ, ಒಳಗ ಬರೂವಾಗ ಬಲಗಾಲು ಕುಂಟತಿದ್ರಿ. ಈಗ ಎಡಗಾಲು ಕುಂಟಾಕ್ಹತ್ತೀರಿ. ನನ್ನ ಕೈಗುಣ ಭಾಳ ಛಲೋ ಐತಿ ಅಂತ ಕಾಣ್ತೈತಿ!" ಎಂದರು.

ಮಾವ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ನಕ್ಕರು. ಆ ಕೇಂದ್ರಕ್ಕೆ ನೆರವೂ ಸಿಕ್ಕಿತು.

ಇನ್ನು ನಿಧಿಗೆ ದಾನ ಎತ್ತುವ ವಿಷಯಕ್ಕೆ ಬಂದರೆ, ದೇವರೇ ಕಾಪಾಡಬೇಕು. ಸಾಂತಾಕ್ರೂಜ್‌ನಲ್ಲಿ ಅವರ ಹಳೆಯ ಗೆಳೆಯರೊಬ್ಬರ ಹೋಟೆಲಿದೆ. ಆ ಗೆಳೆಯರು "ನಾಳೆ ಕೊಡುವ, ನಾಳೆ ಕೊಡುವ" ಎಂದು ದಿನ ದೂಡುತ್ತಿದ್ದರು. ಮಾವ ಜಗಳವಾಡಲಿಲ್ಲ. ಮಧ್ಯಾಹ್ನ ಊಟದ ನೂಕುನುಗ್ಗಲಿನ ಹೊತ್ತಿಗೆ ಹೋಗಿ, ಫ್ಯಾನಿನ ಕೆಳಗಿನ ಟೇಬಲ್ ಹಿಡಿದು, ಅರ್ಧ ಲೋಟದ ಒಂದು ಕಟಿಂಗ್ ಚಹಾ ಹೇಳಿ, ಅದನ್ನು ತೀರ್ಥದಂತೆ ಚಮಚದಲ್ಲಿ ಕುಡಿಯತೊಡಗಿದರು. ಗಿರಾಕಿಗಳು ತಲೆಯ ಮೇಲೆ ನಿಂತರೂ ಮಾವ ಅಲ್ಲಾಡಲಿಲ್ಲ. ಕೊನೆಗೆ ಗೆಳೆಯರೇ ಗಲ್ಲೆ ಬಿಟ್ಟು ಓಡಿಬಂದರು. "ಏಳು ಮಾರಾಯ! ನಿನ್ನ ನಿಧಿಗೆ ಕೊಡುವುದಕ್ಕಿಂತ ನೀನು ಕೂತಿರುವುದೇ ನನಗೆ ದುಬಾರಿ!"

ಇಂಥ ಮಾವನ ಮುಂದೆ ಹೋದ ವರ್ಷ ಒಂದು ವಿಚಿತ್ರ ಅರ್ಜಿ ಬಂತು. ಮಲಾಡಿನ ಕೆಲವು ಹುಡುಗ ಹುಡುಗಿಯರು ಫೋನಿನಲ್ಲಿ ಜನರ ದುಃಖ ಕೇಳಿಸಿಕೊಳ್ಳುವ ಸೇವೆ ಆರಂಭಿಸಿದ್ದರು, ಅದೂ ಕನ್ನಡದಲ್ಲಿ. ಹೋಟೆಲಿನ ಅಟ್ಟದಲ್ಲಿ ಮಲಗುವ ಕೆಲಸಗಾರರು, ಮಾತಿಗೆ ಯಾರೂ ಸಿಗದ ಹಿರಿಯರು ಫೋನ್ ಮಾಡಲಿ ಎಂದು. ಬಾಡಿಗೆ ಬಾಕಿಯಾಗಿ, ಅವರು ಕುಳಿತಿದ್ದ ಕೋಣೆಯನ್ನು ಮಾಲೀಕರು ಬಿಡಿಸುವವರಿದ್ದರು. ನಿಧಿ ಕೈಹಿಡಿಯದಿದ್ದರೆ ಸೇವೆ ಮುಚ್ಚುವುದೇ ಸೈ.

ಸಮಿತಿಯಲ್ಲಿ ಖಜಾಂಚಿಗಳು ಆಕ್ಷೇಪ ಎತ್ತಿದರು. "ಮುಂಬಯಿಯಲ್ಲಿ ಹುಟ್ಟಿದ ಮಕ್ಕಳು. ಅವರ ಕನ್ನಡ ಕೇಳಿದರೆ ಅಳುವವನು ಇನ್ನಷ್ಟು ಅತ್ತಾನು!" ಎಲ್ಲರೂ ನಕ್ಕರು. ಮದುವೆಯ ಕರೆಯೋಲೆಯಲ್ಲೂ ಕಾಗುಣಿತ ತಿದ್ದುವ ಮಾವ ಹೌದೆಂದು ತಲೆಯಾಡಿಸಿದರು. ಆದರೂ, "ನಾನೊಮ್ಮೆ ನೋಡ್ತೇನೆ" ಎಂದರು.

ಒಂದು ಆದಿತ್ಯವಾರ ಮಧ್ಯಾಹ್ನ ಸಾಂತಾಕ್ರೂಜ್‌ನ ಮಾವನ ಮನೆಯಲ್ಲಿ ಪರೀಕ್ಷೆ. ನಾನು ಸಾಕ್ಷಿ. ಅತ್ತೆ ತೀರಿಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಹದಿಮೂರನೆಯ ದಿನದ ಊಟ ಮುಗಿದದ್ದೇ ಮಾವ ಚೀಲ ಹೆಗಲಿಗೇರಿಸಿ ನಿಧಿಯ ಕೆಲಸಕ್ಕೆ ಹೊರಟಿದ್ದರು. ಅವರು ಅತ್ತದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಗಟ್ಟಿ ಮನುಷ್ಯ ಎಂದುಕೊಂಡಿದ್ದೆವು.

ನನಗೂ ಕೇಳಲಿ ಎಂದು ಫೋನನ್ನು ಸ್ಪೀಕರಿಗೆ ಹಾಕಿದರು. ಅತ್ತ ಕಡೆ ಒಂದು ಹುಡುಗಿ.

"ನಮಸ್ಕಾರ ಅಂಕಲ್. ನಾನು ಕೇಳುತ್ತಿದ್ದೀನಿ. ಬೋಲಿಯೇ... ಸಾರಿ, ಹೇಳಿ."

ಮಾವ ನನ್ನತ್ತ ಕಣ್ಣು ಮಿಟುಕಿಸಿ, ಸಿದ್ಧಪಡಿಸಿಕೊಂಡಿದ್ದ ಕಥೆ ತೆಗೆದರು. "ನಾನು ಹೋಟೆಲಿನ ಅಡುಗೆಯವ. ಯಜಮಾನ ಬೈದ."

"ಅಯ್ಯೋ. ಯಜಮಾನ ನಿಮಗೆ ಯಾಕೆ ಬೈದಳು?"

"ಬೈದಳು ಅಲ್ಲ, ಬೈದ! ಯಜಮಾನ ಗಂಡಸು!"

"ಹಾಂ, ಬೈದ. ಥ್ಯಾಂಕ್ಯೂ ಅಂಕಲ್. ಯಾಕೆ ಬೈದ?"

"ಸಾಂಬಾರಿಗೆ ಉಪ್ಪು ಹೆಚ್ಚಾಯ್ತು."

"ದಿನಾ ಮಾಡುವ ಸಾಂಬಾರ್ ಅಲ್ವಾ? ಇವತ್ತು ಮನಸ್ಸು ಎಲ್ಲಿ ಇತ್ತು, ಅಂಕಲ್?"

ಮೇಲೆ ವಿಮಾನವೊಂದು ಇಳಿಯುತ್ತಾ ಹೋಯಿತು. ಹುಡುಗಿ ಆತುರಪಡಿಸಲಿಲ್ಲ, ಸುಮ್ಮನೆ ಕಾದಳು. ನಾನು ಮಾವನ ಮುಖ ನೋಡಿದೆ. ಆಗ ಕಣ್ಣು ಮಿಟುಕಿಸಿದವರ ಮುಖ ಅದಲ್ಲ.

"ಮನೆಯಲ್ಲಿ ಹೆಂಡತಿ ಇಲ್ಲ," ಎಂದರು ಮೆಲ್ಲಗೆ.

"ಊರಿಗೆ ಹೋಗಿದ್ದಾರಾ?"

"ಇಲ್ಲ ಮಗಾ. ತೀರಿಹೋದಳು."

ಹುಡುಗಿ ಸರಿಯಾದ ಮಾತಿಗಾಗಿ ತಡಕಾಡುತ್ತಿರುವುದು ನಮಗೂ ತಿಳಿಯುತ್ತಿತ್ತು. ಕೊನೆಗೆ ಕೇಳಿದಳು, "ಆಂಟಿ ಹೇಗೆ ಇದ್ದಾರೆ, ಅಂಕಲ್?"

ಪಾಪ, 'ಹೇಗಿದ್ದರು' ಎಂದು ಕೇಳಬೇಕಿತ್ತು. ಸತ್ತವರನ್ನು ಹೇಗೆ ಇದ್ದಾರೆ ಎಂದು ಕೇಳುವವರುಂಟೇ? ಮಾವ ಈಗ ಎಗರಿಬಿದ್ದೇ ಬೀಳುತ್ತಾರೆ ಎಂದು ನಾನು ಉಸಿರು ಬಿಗಿಹಿಡಿದೆ. ಅವರು ಬಾಯಿ ತೆರೆದರು. ಮುಚ್ಚಿದರು.

"ಅವಳಾ? ಭಾರೀ ಜೋರು ಉಂಟು ಅವಳು," ಎಂದರು. "ನನ್ನನ್ನು ಮೀನು ತರ್ಲಿಕ್ಕೆ ಬಿಡುವುದೇ ಇಲ್ಲ. ನಾನು ತಂದದ್ದು ಯಾವಾಗಲೂ ಹಳತು ಅಂತಾಳೆ. ಟಿವಿ ಜೋರು ಇಡ್ತಾಳೆ, ಸಣ್ಣ ಮಾಡಿದ್ರೆ ಜಗಳ. ಮತ್ತೆ, ನಾನು ಉಣ್ಣದೆ ಅವಳು ಉಣ್ಣುವುದಿಲ್ಲ. ಎಷ್ಟು ಹೇಳಿದ್ರೂ ಕೇಳುವುದಿಲ್ಲ..."

ನಾನು ಎದ್ದು ಅಡುಗೆಮನೆಗೆ ಹೋದೆ. ಬಹಳ ಹೊತ್ತಿನ ಮೇಲೆ ಬಂದು ನೋಡಿದರೆ, ಮಾವ ಸ್ಪೀಕರ್ ತೆಗೆದು, ಫೋನನ್ನು ಕಿವಿಗೆ ಒತ್ತಿಕೊಂಡು, ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಅಂಗಿಯ ತೋಳು ಒದ್ದೆಯಾಗಿತ್ತು. "ಮುಂದಿನ ಆದಿತ್ಯವಾರವೂ ನೀನೇ ಇರ್ತೀಯಾ, ಮಗಾ?" ಎಂದು ಕೇಳುತ್ತಿದ್ದರು.

ಮುಂದಿನ ಸಭೆಯಲ್ಲಿ ಆ ಮಕ್ಕಳ ಕೋಣೆ ಉಳಿಯಿತು. ಖಜಾಂಚಿಗಳು ಮಾತ್ರ ಬಿಡದೆ, "ಆ ಹುಡುಗಿಯ ಕನ್ನಡ ಹೇಗುಂಟು?" ಎಂದು ಕೇಳಿದರು.

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. "ವ್ಯಾಕರಣ ಸ್ವಲ್ಪ ತಪ್ಪುಂಟು. ಯಾರೂ ತಿದ್ದಲಿಕ್ಕೆ ಹೋಗಬೇಡಿ."