ನನ್ನ ಮರ, ಲೈನ್‌ಮನ್‌ನ ಕರೆಂಟು

ಕರೆಂಟಿನ ಮೇಲೆ ಪಿಎಚ್.ಡಿ. ಮಾಡುವವನು ಶಿರಸಿ ಕಡೆ ಮನೆ ಮಾಡಬಾರದು. ಮಾಡಿದರೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನನ್ನ ಮೇಷ್ಟ್ರಿಕೆ ಸಿದ್ದಾಪುರದಲ್ಲಿ, ಮನೆ ಇಸಳೂರಿನಲ್ಲಿ, ಸಂಶೋಧನೆ ಮನೆಯ ಕಂಪ್ಯೂಟರಿನಲ್ಲಿ. ಕೇಬಲ್ಲಿನ ಪ್ಲಾಸ್ಟಿಕ್ ಹೊದಿಕೆಗೆ ಕಣ್ಣಿಗೆ ಕಾಣದಷ್ಟು ನುಣ್ಣಗಿನ ಪುಡಿ ಬೆರೆಸಿದರೆ ವಿದ್ಯುತ್ತು ಅದನ್ನು ಸೀಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಪರದೆಯ ಮೇಲೆ ಆ ಸೀಳು ಮರದಂತೆ ಕವಲೊಡೆಯುತ್ತ ಹೋಗುತ್ತದೆ. ಆಚೆ ಬದಿ ಮುಟ್ಟಿದರೆ ಬ್ರೇಕ್‌ಡೌನ್, ಹೊದಿಕೆಯ ಕಥೆ ಮುಗಿಯಿತು. ಒಂದೊಂದು ಮರಕ್ಕೂ ದಿನಗಟ್ಟಲೆ ಬೇಕು. ಅಷ್ಟೂ ದಿನ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮನೆಗೆ ಬರುವಾಗ ಕಾನಸೂರಿನಲ್ಲಿ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, ಹೋಟೆಲಿನ ಫ್ಯಾನು ತಿರುಗುತ್ತಿದೆಯೇ ಎಂದು ನೋಡುತ್ತಿದ್ದೆ.

೧. ಮಾವನ ತನಿಖೆ

ವಜ್ರಳ್ಳಿಯಿಂದ ಬಂದ ಹೆಂಡತಿಯ ಅಪ್ಪ ಪರದೆಯ ಮುಂದೆ ಕುಳಿತರು.

"ಆ ಪುಡಿ ಎಲ್ಲಿದ್ದು?"

"ಪುಡಿ ಇಲ್ಲೆ ಮಾವಯ್ಯ. ಇದ್ದು ಹೇಳಿ ತಿಳ್ಕಂಡು ಲೆಕ್ಕ ಮಾಡದು."

"ಪ್ಲಾಸ್ಟಿಕ್ಕು?"

"ಅದೂ ಹಾಂಗೇ."

"ಕರೆಂಟು?"

"ಅದೂ ಹಾಂಗೇ."

ಅಷ್ಟರಲ್ಲಿ ಮನೆಯ ಕರೆಂಟು ಹೋಯಿತು. ಮಾವ ತಲೆಯಾಡಿಸಿದರು. "ಖರೇ ಇದ್ದಿದ್ದು ಅದೊಂದೇ. ಅದೂ ಹೋತು."

೨. ಚಟ್ನಿ

ಆಮೇಲೆ ಯುಪಿಎಸ್ ತಂದೆ. ಕರೆಂಟು ಹೋದರೂ ಹದಿನೈದು ನಿಮಿಷ ಬದುಕಿರುತ್ತದೆ. ಮನೆಯಲ್ಲಿ ಯಾವಾಗಲೂ ಕರೆಂಟಿರುವ ತೂತು ಅದೊಂದೇ ಎಂಬುದನ್ನು ನನಗಿಂತ ಮೊದಲು ಕಂಡುಕೊಂಡವಳು ನನ್ನ ಹೆಂಡತಿ. ಒಂದು ಬೆಳಿಗ್ಗೆ ಮಿಕ್ಸಿ ತಂದು ಅದಕ್ಕೇ ಚುಚ್ಚಿದಳು. ಯುಪಿಎಸ್ 'ಕೀಂ' ಎಂದು ಪ್ರಾಣ ಬಿಟ್ಟಿತು, ಎಂಟು ದಿನ ಬೆಳೆದ ಮರವೂ ಜೊತೆಗೆ ಹೋಯಿತು. ನಾನು ತಲೆ ತಲೆ ಚಚ್ಚಿಕೊಂಡೆ.

"ಅರ್ಧ ಬೀಸಿದ ಚಟ್ನಿ ಹಾಂಗೇ ಇಡಲೆ ಬತ್ತಾ? ನಿಂಗಳ ಮರ ಮತ್ತೆ ಬೆಳೀತು. ದೋಸೆ ತಣಿದ್ರೆ ಎಂತ ಮಾಡದು?" ಎಂದಳು.

ಅಂದೇ ಪ್ರೋಗ್ರಾಂ ತಿದ್ದಿದೆ. ಗಂಟೆಗೊಮ್ಮೆ ಮರ ಫೈಲಿಗೆ ಇಳಿಯಬೇಕು, ಕರೆಂಟು ಬಂದಾಗ ಅಲ್ಲಿಂದಲೇ ಮುಂದೆ ಬೆಳೆಯಬೇಕು. ಭಾರಿ ಜಾಣ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

೩. ಇಸಳೂರಿಗೊಂದು ಲೈನು

ಕರೆಂಟು ಯಾವಾಗ ಹೋಗುತ್ತದೆಂದು ಮೊದಲೇ ತಿಳಿಯಲು ಲೈನ್‌ಮನ್‌ನ ಗೆಳೆತನ ಬೆಳೆಸಿದೆ. ಅವರು ಬನವಾಸಿ ಕಡೆಯವರು.

"ನಿಮ್ಮ ಕಂಪ್ಯೂಟರಿನ್ಯಾಗ ಎಷ್ಟು ವೋಲ್ಟ್ ಕೊಡ್ತೀರಿ?"

"ಮೂವತ್ತು ಸಾವಿರ."

"ನಡುವ ಹೋಗಂಗಿಲ್ಲೇನ್ರಿ?"

"ಒಂದು ಕ್ಷಣವೂ ಇಲ್ಲ."

"ಹಂಗಾದ್ರ ಅಲ್ಲಿಂದ ಇಸಳೂರಿಗೊಂದು ಲೈನ್ ಎಳದುಬಿಡ್ರಿ. ನಾ ಮನಿಗೆ ಹೋಗಿ ಮಲ್ಕೋತೀನಿ."

೪. ಜೀವ ಐತೇನ್ರಿ?

ಕೊನೆಯ ಒಂದು ಮರ ಬಾಕಿ ಇತ್ತು, ಚಟ್ನಿಗೆ ಬಲಿಯಾಗಿದ್ದ ಅದೇ ಮರ. "ಸೋಮವಾರ ಚಿತ್ರ ನನ್ನ ಮೇಜಿನ ಮೇಲಿರಬೇಕು. ಇನ್ನು ಅವಧಿ ವಿಸ್ತರಣೆ ಕೇಳಲು ಬರಬೇಡಿ" ಎಂದು ಧಾರವಾಡದ ಗೈಡ್ ಖಡಾಖಂಡಿತವಾಗಿ ಹೇಳಿದ್ದರು. ಐದು ವರ್ಷದ ಕೆಲಸ ಒಂದು ಚಿತ್ರಕ್ಕೆ ನೇತಾಡುತ್ತಿತ್ತು. ಲೈನ್‌ಮನ್‌ರ ಕೈಕಾಲು ಹಿಡಿದೆ. ಲೈನ್ ತೆಗೆದು ಟೊಂಗೆ ಕಡಿಯುವ ಕೆಲಸವನ್ನು ಅವರು ಮುಂದಿನ ವಾರಕ್ಕೆ ತಳ್ಳಿದರು. ಬುಧವಾರ ಬೆಳಿಗ್ಗೆ ಒಮ್ಮೆ ಅರ್ಧ ಗಂಟೆ ಕರೆಂಟು ಹೋಗಿ ಬಂದಿದ್ದು ಬಿಟ್ಟರೆ ಮತ್ತೆ ಕಣ್ಣು ಮಿಟುಕಿಸಲಿಲ್ಲ.

ಗುರುವಾರ ಮರ ಬೆಳೆಯಲಿಲ್ಲ. ಶುಕ್ರವಾರವೂ ಇಲ್ಲ. ಮೊದಲು ಹೆದರಿದೆ, ಆಮೇಲೆ ಉಬ್ಬಿದೆ. ಎಂದೂ ಸುಡದ ಹೊದಿಕೆ! ಅಂಗಳದಲ್ಲಿ ಶತಪಥ ಹಾಕುತ್ತ, ಮಾವನಿಗೂ ಫೋನ್ ಮಾಡಿ ಕೊಚ್ಚಿಕೊಂಡೆ.

ಶನಿವಾರ ಬೆಳಿಗ್ಗೆ ಲೈನ್‌ಮನ್ ನೋಡಲು ಬಂದರು. ತಂತಿಯಲ್ಲಿ ಕರೆಂಟು ಇದೆಯೇ ಎಂದು ಕಂಬ ಹತ್ತುವ ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದರು: "ಇದರಾಗ ಜೀವ ಐತೇನ್ರಿ?"

ಜಂಬದಿಂದ ಫೈಲ್ ತೆರೆದೆ. ವೋಲ್ಟೇಜ್: ಸೊನ್ನೆ. ನನ್ನ ಜಾಣ ಪ್ರೋಗ್ರಾಂ ಮರವನ್ನು ಕಾಪಾಡಿಟ್ಟು ವೋಲ್ಟೇಜನ್ನು ಮರೆತಿತ್ತು. ಬುಧವಾರದಿಂದ ಕಂಪ್ಯೂಟರಿನೊಳಗೆ ಪವರ್ ಕಟ್!

"ಮೂರು ದಿನ ಹೊರಗ ನಾ ಕಾದೀನಿ, ಒಳಗ ನೀವು ಲೈನ್ ತಗದು ಕುಂತೀರಿ?" ಎಂದರು.

ಮೂವತ್ತು ಸಾವಿರ ಹಾಕಿ ಮತ್ತೆ ಓಡಿಸಿದೆ. ಭಾನುವಾರ ಮಧ್ಯಾಹ್ನ ಮರ ಆಚೆ ಬದಿ ಮುಟ್ಟಿತು. ಖುಷಿಗೆ ಮೈಮೇಲೆ ಎಚ್ಚರವಿಲ್ಲ. ಲೈನ್‌ಮನ್‌ಗೆ ಫೋನ್ ಮಾಡಿ ಕೂಗಿದೆ: "ಬ್ರೇಕ್‌ಡೌನ್ ಆಯ್ತು! ಪೂರ್ತಿ ಸುಟ್ಟುಹೋಯ್ತು!"

ಫೋನ್ ಟಕ್ಕೆಂದಿತು. ಹಿಂದೆಯೇ ಇಡೀ ಇಸಳೂರಿನ ಕರೆಂಟು ಹೋಯಿತು.

ಸುಟ್ಟಿತು ಎಂದು ಕೇಳಿದರೆ ಮೊದಲು ಲೈನ್ ತೆಗೆ, ಆಮೇಲೆ ವಿಚಾರಿಸು: ಇದು ಅವರ ಕೆಲಸದ ಕ್ರಮ. ಚಟ್ನಿಯ ಏಟು ತಿಂದು ರಿಪೇರಿಯಾದ ಯುಪಿಎಸ್ ಈಗ ಎರಡೇ ನಿಮಿಷ ತಾಳುವಂಥದ್ದು, ಕುಯ್ಯೋ ಮರ್ರೋ ಎನ್ನುತ್ತಿತ್ತು. ಚಿತ್ರವನ್ನು ಫ್ಲಾಪಿಗೆ ಇಳಿಸಿ ಹೊರಗೆಳೆದೆ, ಪರದೆ ಕಪ್ಪಾಯಿತು. ಬೇಲಿಯಾಚೆ ಊರವರು ಸೇರಿದ್ದರು. ಅವರನ್ನು ಸರಿಸಿಕೊಂಡು ಲೈನ್‌ಮನ್ ರಬ್ಬರ್ ಕೈಗವಸು ತೊಟ್ಟು, ಏಣಿ ಹೊತ್ತು ಓಡಿಬಂದರು.

"ಎಲ್ಲಿ ಸುಟ್ಟದ್ರಿ?"

ನಾನು ಫ್ಲಾಪಿ ತೋರಿಸಿದೆ.

ಅವರು ಅದನ್ನೊಮ್ಮೆ, ನನ್ನನ್ನೊಮ್ಮೆ, ಬೇಲಿಯಾಚೆಯ ಊರನ್ನೊಮ್ಮೆ ನೋಡಿದರು. ಏಣಿ ಕೆಳಗಿಟ್ಟು ಮೆಲ್ಲಗೆ ಕೇಳಿದರು:

"ಈ ಸಲನಾದ್ರೂ ಜೀವ ಇತ್ತೇನ್ರಿ?"