ಹಲ್ಲಣ್ಣನ ತಂಪು ಸವಾರಿ

ಸೈಕಲ್ಲಿನ ಹಿಂದಿನ ಚಕ್ರಕ್ಕೆ ಇನ್ನೊಂದಿಷ್ಟು ಗಾಳಿ ತುಂಬಿದ್ದರೆ ಹಲ್ಲಣ್ಣ ಹೊರಟುಬಿಡುತ್ತಿದ್ದ. ಅಷ್ಟರಲ್ಲಿ ಮಹಡಿಯ ಕಿಟಕಿಯಿಂದ ಕಾಂಪೌಂಡರ್ ಮಾವನ ತಲೆ ಹೊರಬಂತು.

“ನಿಲ್ಸಯ್ಯಾ! ಈ ಬಿಸಿಲುಗಾಲದಲ್ಲಿ ಅಷ್ಟು ಗಾಳಿ ಹೊಡೀತಾರಾ? ನಡುರಸ್ತೇಲಿ ಢಂ ಅನ್ನತ್ತೆ!”

ಹಲ್ಲಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಕಾರ್ಖಾನೆಯಲ್ಲಿ ತಯಾರಾದ ಹಲ್ಲಿನ ಸೆಟ್ಟುಗಳನ್ನು ಸೈಕಲ್ ಮೇಲೆ ಒಯ್ದು ಹಲ್ಲಿನ ಡಾಕ್ಟರುಗಳಿಗೆ ಮುಟ್ಟಿಸುವುದು ಅವನ ಕೆಲಸ. ದಿನವಿಡೀ ಬೆನ್ನ ಹಿಂದೆ ಹತ್ತಾರು ಜನರ ನಗು ಹೊತ್ತು ತಿರುಗುವ ಅವನ ಮುಖದಲ್ಲಿ ಮಾತ್ರ ನಗು ಕಂಡವರು ಕಡಿಮೆ. ಕಳೆದ ವಾರ ಮಧ್ಯಾಹ್ನದ ಸರದಿಯಲ್ಲಿ ಬಿಸಿಲಿಗೆ ಕಣ್ಣು ಕತ್ತಲಿಟ್ಟು ಸೈಕಲ್ ಸಮೇತ ಬಿದ್ದಿದ್ದ. ಹಿಂದಿದ್ದ ಲಾರಿ ಅವನ ತಲೆಯಿಂದ ಗೇಣು ದೂರದಲ್ಲಿ ಕಿರ್ರೆಂದು ನಿಂತಿತ್ತು. ಅಂದಿನಿಂದ ಅವನ ಹೆಂಡತಿಗೆ ಲಾರಿಯ ಸದ್ದು ಕೇಳಿದರೆ ಕೈಯಲ್ಲಿದ್ದ ಪಾತ್ರೆ ಜಾರುತ್ತಿತ್ತು.

ಅವಳ ಒತ್ತಾಯಕ್ಕೇ ಅವನು ಯಜಮಾನರ ಕಾಲು ಹಿಡಿದು ತಂಪು ಹೊತ್ತಿನ ಸರದಿ ಕೇಳಿದ್ದ. ಅವರು ಹೇಳಿದ್ದಿಷ್ಟೆ: “ಬೆಳಗಿನ ಸರದಿ ಖಾಲಿಯಿದೆ. ನಾಳೆ ಎಂಟರೊಳಗೆ ಯಾರು ಬಂದು ನಿಲ್ತಾರೋ ಅವರಿಗೆ. ಆಮೇಲೆ ಬಂದು ಗೋಳಾಡ್ಬೇಡ.”

ಆ ‘ನಾಳೆ’ ಇವತ್ತು.

ಪಂಪಿನ ಬುಡ ಹಿಡಿದು ಕೂತಿದ್ದ ಮಗಳು ತಲೆಯೆತ್ತಿದಳು. “ಅಪ್ಪಾ, ಒಂದು ಕೇಳ್ಲಾ?”

“ಸಂಜೆ ಕೇಳು ಪುಟ್ಟಿ. ಹೊತ್ತಾಯ್ತು.”

ಕಾಂಪೌಂಡರ್ ಮಾವ ಇಳಿದು ಬಂದವರೇ ಹೆಬ್ಬೆರಳಲ್ಲಿ ವಾಲ್ವ್ ಒತ್ತಿ ಗಾಳಿ ಬಿಟ್ಟರು. ಬಿಟ್ಟ ಗಾಳಿ ಹೆಚ್ಚೇ ಆಯಿತು. ಚಕ್ರ ಹಳೇ ದಿಂಬಿನಂತೆ ನೆಲಕ್ಕೆ ಕುಸಿಯಿತು. ಹಲ್ಲಣ್ಣ ಮೊದಲಿನಿಂದ ಪಂಪು ಒತ್ತತೊಡಗಿದ.

“ಕುಡಿಯೋಕೇನು ತಗೊಂಡಿದೀಯ?”

“ನಲ್ಲಿ ನೀರು ಮಾವ.”

“ಬರೀ ನೀರಾ! ಬೆವರಲ್ಲಿ ಉಪ್ಪು ಹೋಗತ್ತೆ, ತಲೆ ಗಿರ್ರನ್ನತ್ತೆ. ಕುದಿಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ ಹಾಕ್ಬೇಕು. ಕೂದಲು ಬೆಳ್ಳಗಾಗೋವರೆಗೂ ಆಸ್ಪತ್ರೇಲಿ ಇದನ್ನೇ ಕಲಸಿದೀನಿ ನಾನು.”

“ಇವತ್ತೊಂದಿನ ಬಿಟ್ಬಿಡಿ ಮಾವ...” ಎಂದ ಹಲ್ಲಣ್ಣ ಹೆಂಡತಿಯ ಮುಖ ನೋಡಿ ಮತ್ತೆ ಪಂಪಿಗೆ ಬಗ್ಗಿದ. ಅವಳಾಗಲೇ ಒಲೆ ಹೊತ್ತಿಸಿದ್ದಳು.

“ಒಂದು ಗಳಿಗೆ ತಡೀರಿ ಅಂದ್ರೆ. ನಿಮ್ಗೆ ಕೈ ಮುಗೀತೀನಿ,” ಎಂದಳು. ಅವಳ ಕಣ್ಣು ಕೆಂಪಗಿತ್ತು. ಚಕ್ರ ತುಂಬಿತ್ತು; ಆದರೂ ಅವನು ಪಂಪು ಬದಿಗಿಟ್ಟು ಕೂತ.

ನೀರು ಕುದಿಯುವ ಹೊತ್ತಿಗೆ ಎದುರುಮನೆಯ ಟೈಲರಕ್ಕ ಬಂದಳು. “ಕಪ್ಪು ಅಂಗಿನಾ! ಬಿಸಿಲಿಗೆ ನೀನೇ ಬಾಗಿಲು ತೆಗೆದು ಒಳಗೆ ಕರೆದ ಹಾಗಾಯ್ತಲ್ಲೋ ತಮ್ಮಾ! ಬಿಚ್ಚು, ಬಿಚ್ಚು.” ತನ್ನ ಗಂಡನ ಬಿಳಿ ತುಂಬುತೋಳಿನ ಅಂಗಿ ತಂದಳು. ಆ ಗಂಡ ಆಳು ದೊಡ್ಡವನು. ಅಂಗಿಯೊಳಗೆ ಹಲ್ಲಣ್ಣನನ್ನು ಹುಡುಕಬೇಕಾಯಿತು. “ತೋಳು ಮಡಚಿ ಒಂದೇ ಒಂದು ಹೊಲಿಗೆ,” ಎಂದು ಅದನ್ನು ಬಿಚ್ಚಿಸಿಕೊಂಡು ಹೋದವಳ ಮಿಷನ್ನು ಟಕಟಕ ಎನ್ನತೊಡಗಿತು. ಅವನ ಕಪ್ಪಂಗಿಯೂ ಅವಳ ಕಂಕುಳಲ್ಲೇ ಹೋಗಿತ್ತು. ಬನಿಯನ್ನಿನಲ್ಲಿ ಕೂತ ಹಲ್ಲಣ್ಣ ಪಾತ್ರೆಗೆ ಬೀಸಣಿಗೆಯಿಂದ ಗಾಳಿ ಹಾಕಿದ. ಒಳಗೆ ನೀರು ಆರುತ್ತಾ ಬಂತು, ಹೊರಗೆ ಹಗಲು ಕಾಯುತ್ತಾ ಬಂತು.

“ಅಪ್ಪಾ...” ಎಂದಳು ಮಗಳು.

“ದೊಡ್ಡೋರ ಮಧ್ಯೆ ಬಾಯಿ ಹಾಕ್ಬಾರ್ದು ಮರೀ,” ಎಂದರು ಕಾಂಪೌಂಡರ್ ಮಾವ.

ಅಂತೂ ಹೊರಟಾಗ ಅವನ ಮೈಮೇಲೆ ಮೊಣಕಾಲು ಮುಟ್ಟುವ ಬಿಳಿ ಅಂಗಿ, ಕೊರಳಲ್ಲಿ ತೊಟ್ಟಿಕ್ಕುವ ಒದ್ದೆ ಟವೆಲ್, ಗಲ್ಲಕ್ಕೆ ಲಾಡಿ ಬಿಗಿದ ಮೊರದಗಲದ ಟೋಪಿ, ಹೆಗಲಿಗೆ ಉಪ್ಪು ಸಕ್ಕರೆ ನೀರಿನ ಬಾಟಲಿ. ಅಂಗಳದ ನೆರಳೆಲ್ಲ ಗೋಡೆಯ ಬುಡಕ್ಕೆ ಮುದುಡಿಕೊಂಡಿತ್ತು.

“ನೆರಳು ಕಂಡಲ್ಲೆಲ್ಲ ನಿಲ್ಬೇಕು! ಬಾಯಾರೋ ಮುಂಚೇನೇ ಗುಟುಕರಿಸ್ಬೇಕು!” ಎಂದು ಕಾಂಪೌಂಡರ್ ಮಾವ ತಿರುವಿನವರೆಗೂ ಕೂಗುತ್ತಿದ್ದರು. ಹೆಂಡತಿ ಗೇಟು ಹಿಡಿದು ನಿಂತಿದ್ದಳು. ಆ ಮುಖ ನೆನಪಾಗಿಯೇ ಅವನು ನೆರಳು ಕಂಡಲ್ಲೆಲ್ಲ ಇಳಿದ. ಮತ್ತೆ ಹತ್ತಿ ತುಳಿದಾಗಲೆಲ್ಲ ಗಾಳಿ ಟೋಪಿಯನ್ನು ಹಿಂದಕ್ಕೆಳೆದು ಲಾಡಿಯಿಂದ ಕತ್ತು ಹಿಸುಕಿತು. ಹಿಂದಿನ ಪೆಟ್ಟಿಗೆಯಲ್ಲಿ ನಿನ್ನೆ ಮುಟ್ಟಿಸಲಾಗದೆ ಉಳಿದ ಸೆಟ್ಟೊಂದು ಪ್ರತಿ ಗುಂಡಿಗೂ ಕಟಕಟ ನಕ್ಕಿತು.

ಒಂದು ಅಂಗಡಿಯ ನೆರಳಲ್ಲಿ ಗುಟುಕರಿಸುತ್ತಿದ್ದಾಗ ಅಂಗಡಿಯವನು ಓಡಿಬಂದ. “ಬಂದ್ರಾ ಸದ್ಯ! ಜೇನು ಹಿಂದಿನ ಗೋಡೇಲಿ ಕಟ್ಟಿದೆ, ಬನ್ನಿ.”

ಜೇನು ಬಿಡಿಸುವವನು ತಾನಲ್ಲ ಎಂದು ಅವನನ್ನು ನಂಬಿಸಲು ಪೆಟ್ಟಿಗೆ ತೆರೆದು ಹಲ್ಲು ತೋರಿಸಬೇಕಾಯಿತು.

ಕಾರ್ಖಾನೆ ತಲುಪಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಹಲ್ಲಿನ ಅಚ್ಚು ಹಾಕುವ ಮುದುಕ, ಟೋಪಿಯಿಲ್ಲದೆ ಬೋಳುತಲೆಯಲ್ಲೇ ಎಂಟರೊಳಗೆ ಬಂದವನು, ಬೆಳಗಿನ ಸರದಿ ಗಿಟ್ಟಿಸಿ ಒಂದು ಸುತ್ತು ಮುಗಿಸಿ ಟೀ ಹೀರುತ್ತಿದ್ದ.

ಯಜಮಾನರು ಬೈಯಲಿಲ್ಲ. ಎದ್ದು ಬಂದು ಸುತ್ತ ತಿರುಗಿ ನೋಡಿದರು. ಟೋಪಿ ಮುಟ್ಟಿದರು, ಟವೆಲ್ ಹಿಂಡಿದರು.

“ಈ ಉರೀಲಿ ಬಂದಿದೀಯಲ್ಲ, ತಲೆ ಸುತ್ತಲಿಲ್ವಾ?”

ಇನ್ನೂ ಆಸೆಯಿದೆ ಅನ್ನಿಸಿತು ಹಲ್ಲಣ್ಣನಿಗೆ. ಎದೆ ಸೆಟೆಸಿ ನಿಂತ. “ಒಂಚೂರೂ ಇಲ್ಲ ಯಜಮಾನ್ರೇ! ಈಗಲೂ ಎರಡು ಸುತ್ತು ಹೊಡೀತೀನಿ, ಬೇಕಾದ್ರೆ ನೋಡಿ!”

“ಭೇಷ್!” ಯಜಮಾನರು ಅವನ ಬೆನ್ನು ತಟ್ಟಿದರು. “ಮಧ್ಯಾಹ್ನದ ಸರದಿ ಅಂದ್ರೆ ಎಲ್ಲರೂ ಓಡಿಹೋಗ್ತಾರೆ. ಬಿಸಿಲಿಗೇಂತ ಹುಟ್ಟಿದೋನು ನೀನೇ ಕಣಯ್ಯ. ಇನ್ಮೇಲೆ ಅದು ನಿಂಗೆ ಕಾಯಂ. ಎರಡು ಸುತ್ತು ಅಂದ್ಯಲ್ಲ, ಎರಡು ಮಾಡು.”

ಸಂಜೆ ಅಂಗಳದಲ್ಲಿ ಅವನು ಬಾಟಲಿಯಂತೆ ಖಾಲಿಯಾಗಿ ಕೂತಿದ್ದ. ಹೆಂಡತಿ ಎಲ್ಲ ಕೇಳಿ, ಆಗಲೇ ಒಣಗಿದ್ದ ಟವೆಲನ್ನು ಮತ್ತೆ ಮತ್ತೆ ಹಿಂಡುತ್ತಿದ್ದಳು.

“ಬಿದ್ಯಾ? ಬೀಳಲಿಲ್ಲ ತಾನೆ!” ಎಂದರು ಕಾಂಪೌಂಡರ್ ಮಾವ. “ಎರಡು ಸುತ್ತಿಗೆ ಎರಡು ಬಾಟಲಿ ನೀರು ಬೇಕು. ಬೆಳಿಗ್ಗೆ ಎದ್ದ ಕೂಡ್ಲೇ ಕುದಿಯೋಕಿಡಮ್ಮಾ.”

“ಇನ್ನೊಂದು ಬಿಳಿ ಅಂಗೀನೂ ಚಿಕ್ಕದು ಮಾಡ್ಕೊಡ್ತೀನಿ,” ಎಂದಳು ಟೈಲರಕ್ಕ.

ಮಗಳು ಬಂದು ಅಪ್ಪನ ಮೊಣಕಾಲಿಗೆ ಒರಗಿದಳು.

“ಅಪ್ಪಾ, ಸಂಜೆ ಆಯ್ತು. ಈಗ ಕೇಳ್ಲಾ?”

“ಕೇಳು ಪುಟ್ಟಿ.”

“ಬೆಳಿಗ್ಗೆ ನಾನು ಪಂಪು ಹಿಡ್ಕೊಂಡಿದ್ದಾಗ ನೆಲ ಎಲ್ಲಾ ತಣ್ಣಗಿತ್ತಲ್ಲ, ಆಗ್ಲೇ ಯಾಕಪ್ಪಾ ನೀನು ಹೋಗ್ಲಿಲ್ಲ?”