ಮರಳು ದಾಟಿದ ಮಂಚ

ಮರಳಿನ ವಿಷಯದಲ್ಲಿ ತನಗೆ ಯಾರೂ ಬುದ್ಧಿ ಹೇಳಕೂಡದು ಎನ್ನುವುದು ಪೂರಿಗಾಲಿಯ ಕೆಂಪಸಿದ್ದಯ್ಯನ ಕಟ್ಟಪ್ಪಣೆ. ಹೇಳುವ ಧೈರ್ಯವಾದರೂ ಯಾರಿಗಿತ್ತು? ಯುದ್ಧ ಮುಗಿಸಿ ಊರಿಗೆ ಬಂದಾಗಿನಿಂದ, ಈಜಿಪ್ಟಿನ ಮರಳುಗಾಡಿನಲ್ಲಿ ಮಿಲಿಟರಿ ಲಾರಿ ಓಡಿಸಿದ ಪುರಾಣವನ್ನು ಅವನು ಹೇಳದೆ ಬಿಟ್ಟ ಜಗಲಿ ಊರಲ್ಲಿ ಒಂದೂ ಇರಲಿಲ್ಲ. ಸಾರಿಗೆ ಉಪ್ಪು ಸಾಲದು ಎಂದು ಹೆಂಡತಿ ಮಲ್ಲಿಗಮ್ಮ ತಾನಾಗಿಯೇ ಒಪ್ಪಿಕೊಂಡರೂ, "ಮರಳುಗಾಡ ನೋಡಿದ್ದೀಯಾ ನೀನು? ಅಲ್ಲಿ ಉಪ್ಪೇ ಇಲ್ದೆ ಉಂಡಿವ್ನಿ" ಎನ್ನುತ್ತಿದ್ದ. ಪಾಪ, ಸೌದೆ ಒಲೆಯ ಮುಂದೆ ಕೂತವಳು ಮರಳುಗಾಡನ್ನು ಎಲ್ಲಿಂದ ನೋಡಿಯಾಳು.

ಅವಳಿಗೆ ಬೇಕಾಗಿದ್ದದ್ದು ಒಂದೇ. ಹೊಳೆಯಾಚೆಯ ಹಳ್ಳಿಯಲ್ಲಿದ್ದ ಅವ್ವ ಚಿಕ್ಕಬೋರಮ್ಮನನ್ನು ಬೇಸಿಗೆ ಕಳೆಯುವವರೆಗೆ ಕರೆತಂದು ಇಟ್ಟುಕೊಳ್ಳಬೇಕು. ಗಂಡ ಯುದ್ಧದಲ್ಲಿದ್ದಷ್ಟು ಕಾಲವೂ ಮುದುಕಿ ನಡೆದೇ ಬಂದು ಮಗಳಿಗೆ ಧೈರ್ಯ ಹೇಳಿ ಹೋಗುತ್ತಿದ್ದಳು. ಈಗ ಅವಳ ಮಂಡಿ ಕೈಕೊಟ್ಟಿತ್ತು. ಹೊಳೆಯ ನೀರೇನೋ ಬೇಸಿಗೆಯಲ್ಲಿ ಮೊಣಕಾಲುದ್ದ, ಅದರಾಚೆಯ ಮರಳ ಬಯಲೇ ದೊಡ್ಡ ಗಂಡಾಂತರ. ಎತ್ತಿನ ಗಾಡಿಯ ಚಕ್ರ ಅಲ್ಲಿ ಅರ್ಧಕ್ಕರ್ಧ ಹೂತುಹೋಗುತ್ತಿತ್ತು.

ಅಳಿಯ ಎದೆ ತಟ್ಟಿಕೊಂಡು ಎದ್ದ. ಮರಳುಗಾಡಿನಲ್ಲಿ ಲಾರಿಯ ಹಿಂದೆ ಟ್ರೇಲರ್ ಕಟ್ಟುತ್ತಿದ್ದರಂತೆ, ಅಂಥದ್ದೇ ಒಂದನ್ನು ಮನೆಯಲ್ಲೇ ಮಾಡುತ್ತಾನಂತೆ. (ಎಳೆಯಲು ಲಾರಿ ಎಲ್ಲಿದೆ ಎಂದವರಿಗೆ ಕೊಟ್ಟಿಗೆಯ ಎತ್ತು ತೋರಿಸಿದ.) ಮಳವಳ್ಳಿಯಿಂದ ಹಳೇ ಲಾರಿಯ ಎರಡು ದಪ್ಪ ಚಕ್ರ ಬಂದವು. ಮೇಲಕ್ಕೆ ಹಲಗೆ ಹೊಡೆಯೋಣ ಎಂದ ಬಡಗಿ ದೊಡ್ಡಸಿದ್ದಯ್ಯ. ಹಲಗೆ ಕುಲುಕಿದರೆ ಅತ್ತೆಯ ಮಂಡಿಯ ಗತಿಯೇನು ಎಂದು ಗದರಿ, ಕೆಂಪಸಿದ್ದಯ್ಯ ಒಳಗಿಂದ ಹಗ್ಗದ ಮಂಚ ಹೊತ್ತು ತಂದ. ಮನೆಗೆಲ್ಲ ಇದ್ದದ್ದು ಅದೊಂದೇ ಮಂಚ, ಮದುವೆಯಲ್ಲಿ ಚಿಕ್ಕಬೋರಮ್ಮನೇ ಕೊಟ್ಟದ್ದು.

ಮಲ್ಲಿಗಮ್ಮ ಮೊರ ಬಿಸಾಕಿ ಓಡಿಬಂದಳು. "ಅಲ್ಲಾ, ಒಂದ್ ಮಾತು ಕೇಳಿ..."

"ಮರಳುಗಾಡ ನೋಡಿದ್ದೀಯಾ ನೀನು?"

ಮಾತು ಬಾಯಲ್ಲೇ ಉಳಿಯಿತು. ಮಂಚದ ಕಾಲಿಗೆ ಗರಗಸ ಬಿತ್ತು. ಆಮೇಲೂ ಅವಳು ಬಾಯಿ ತೆರೆದಾಗಲೆಲ್ಲ ಅದೇ ಪ್ರಶ್ನೆ. ಕೊನೆಗೆ ಹೇಳುವ ಆಸೆಯನ್ನೇ ಬಿಟ್ಟು ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗತೊಡಗಿದಳು.

ಬೇಸಿಗೆ ಅರ್ಧ ಕಳೆದ ಮೇಲೆ ಟ್ರೇಲರ್ ಸಿದ್ಧವಾಯಿತು. ಬೆಳಗಿನ ತಂಪಿನಲ್ಲಿ ಗಂಡ ಹೆಂಡತಿ ಇಬ್ಬರೂ ಹೊರಟರು. ನೀರಿಗಿಳಿಯುವಾಗ ಕೆಂಪಸಿದ್ದಯ್ಯ ಮಿಲಿಟರಿ ಬೂಟು ಬಿಚ್ಚಿ ಮಂಚದ ಮೇಲಿಟ್ಟ. ಆಚೆಯ ಮರಳು ತಣ್ಣಗಿದ್ದುದರಿಂದ ಮತ್ತೆ ಹಾಕಿಕೊಳ್ಳಲಿಲ್ಲ. ಟ್ರೇಲರ್ ಎಲ್ಲೂ ಹೂಳದೆ ಸಾಗಿತು. ಆದರೆ ಖಾಲಿ ಓಡುವುದೇನು ಮಹಾ, ಅತ್ತೆ ಕೂತ ಮೇಲೆ ನೋಡಬೇಕು ಇದರ ಗತ್ತು ಎಂದು ದಾರಿಯುದ್ದಕ್ಕೂ ಹೇಳಿಕೊಂಡೇ ಬಂದ.

ಚಿಕ್ಕಬೋರಮ್ಮ ಗಂಟು ಹಿಡಿದು ಹೊರಗೆ ಬಂದಳು, ಮಂಚ ಕಂಡಳು, ಸೆರಗು ತಲೆಯ ಮೇಲೆಳೆದುಕೊಂಡು ಬಾಗಿಲ ಮರೆಗೆ ಸರಿದಳು.

"ಅಳೀಮಯ್ನ ಎದ್ರಿಗೆ ಮಂಚದ ಮ್ಯಾಲೆ ಎಂಗವ್ವಾ ಕುಂತ್ಕಳದು?" ಎಂದು ಮಗಳನ್ನು ಕೇಳಿದಳು.

(ಅಳಿಯನೆದುರು ಅತ್ತೆ ಮಂಚ ಹತ್ತುವಂತಿಲ್ಲ. ಇದು ಆ ಕಡೆಯ ಮನೆಗಳಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಮರಳುಗಾಡಿನಲ್ಲಿ ಅತ್ತೆಯಂದಿರು ಇಲ್ಲದ ಕಾರಣ ಕೆಂಪಸಿದ್ದಯ್ಯನಿಗೆ ಮರೆತೇ ಹೋಗಿತ್ತು.)

ಇದು ಮಂಚವಲ್ಲ, ಟ್ರೇಲರ್ ಎಂದು ಅವನು ವಾದಿಸಿದ. ಆ ಹಗ್ಗ ಹೊಸೆದವಳೇ ತಾನು, ತನಗೆ ಗೊತ್ತಿಲ್ಲವೇ ಎಂದಳು ಮುದುಕಿ, ಅದನ್ನೂ ಮಗಳ ಮುಖ ನೋಡಿಯೇ. ಬೆನ್ನು ತಿರುಗಿಸಿಕೊಂಡು ಎತ್ತಿನ ಮುಂದೆ ನಡೆಯುತ್ತೇನೆ ಎಂದರೂ ಕೇಳಲಿಲ್ಲ. ಕೋಲೂರಿಕೊಂಡು ನಡೆದೇ ಹೊರಟಳು. ಅಂಗಳ ದಾಟುವಷ್ಟರಲ್ಲಿ ಮಂಡಿ ಹಿಡಿದು ಕೂತುಬಿಟ್ಟಳು. ಮಲ್ಲಿಗಮ್ಮನ ಕಣ್ಣಲ್ಲಿ ನೀರು ಬಂತು.

ಅದನ್ನು ಕಂಡು ಕೆಂಪಸಿದ್ದಯ್ಯ ಎತ್ತಿನ ಹಗ್ಗವನ್ನು ಅವಳ ಕೈಗಿಟ್ಟ. "ನೀವಿಬ್ರೂ ಓಗಿ. ಆಚೆ ದಡ ಸೇರಿದ್ ಮ್ಯಾಲೆ ನಾನು ಬತ್ತೀನಿ" ಎಂದ. ದಂಡೆಯವರೆಗೆ ಬಂದು ದೂರದಿಂದ ನೋಡಬಹುದೇ ಎಂದು ಮೆಲ್ಲಗೆ ವಿಚಾರಿಸಿದ. ಅತ್ತೆ ಸೆರಗನ್ನು ಇನ್ನಷ್ಟು ಕೆಳಗೆಳೆದುಕೊಂಡಳು.

ಮಲ್ಲಿಗಮ್ಮ ಎತ್ತು ಹೊಡೆದಳು. ಇಷ್ಟು ದಿನ ಕೈ ಸುಟ್ಟುಕೊಂಡು, ಉಗುರು ಜಜ್ಜಿಕೊಂಡು ಕಟ್ಟಿದ ಟ್ರೇಲರ್ ಭಾರ ಹೊತ್ತು ಮರಳಿಗಿಳಿಯುವ ಹೊತ್ತಿನಲ್ಲಿ, ಕಟ್ಟಿದವನು ಅತ್ತೆಮನೆಯ ನಡುಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದ. ಅವನಿಗೆ ಅಳುವೇ ಬಂತು.

ಹೊರಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಬೂಟು ಮಂಚದೊಂದಿಗೆ ಹೋಗಿತ್ತು. ಈಜಿಪ್ಟ್ ಗೆದ್ದು ಬಂದ ವೀರ ಆ ಬೆಂಕಿಯಂಥ ಮರಳಿನಲ್ಲಿ ಕುಣಿಯುತ್ತ, ಟವೆಲ್ಲು ಹಾಸಿ ನಿಂತು, ಮತ್ತೆ ಕುಣಿಯುತ್ತ ಬಂದ. ಪಕ್ಕದಲ್ಲೇ ಎರಡು ಚಕ್ರದ ಗುರುತು ನೆಟ್ಟಗೆ ಸಾಗಿತ್ತು, ಎಲ್ಲಿಯೂ ಹೂತಿರಲಿಲ್ಲ. ನೋಡು ಎಂದು ತೋರಿಸಲು ಒಬ್ಬ ನರಮನುಷ್ಯನೂ ಅಲ್ಲಿರಲಿಲ್ಲ.

ಮನೆ ಮುಂದೆ ಬಂದು ಕೆಮ್ಮಿದ. (ಅಂಗಳದ ಟ್ರೇಲರಿನ ಮೇಲೆ ಅತ್ತೆ ಮಲಗಿದ್ದಳು. ಬೇಸಿಗೆ ಮುಗಿಯುವವರೆಗೂ ಅವನು ಹೀಗೇ ಕೆಮ್ಮಿಕೊಂಡು ತನ್ನ ಮನೆ ಸೇರಬೇಕಾಯಿತು.) ಮುದುಕಿ ಇಳಿದು ಒಳಗೆ ಹೋದಳು. ಮಲ್ಲಿಗಮ್ಮ ಚೊಂಬು ತಂದು ಅವನ ಬೊಬ್ಬೆ ಬಂದ ಕಾಲಿಗೆ ನೀರು ಹೊಯ್ದಳು.

"ಕುಲುಕ್ತಾ?" ಎಂದು ಕೇಳಿದ.

"ಒಂದ್ ಚೂರೂ ಇಲ್ಲ. ಅವ್ವ ನಿದ್ದೆ ಓಗ್ಬುಟ್ಲು."

ಕೆಂಪಸಿದ್ದಯ್ಯ ಅಂಗಳದ ಟ್ರೇಲರಿನತ್ತ ತಿರುಗಿ ನೋಡಿದ. ಆಮೇಲೆ, "ಮಂಚ ಬ್ಯಾಡ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?" ಎಂದ.

"ಗೊತ್ತಿತ್ತು."

"ಮತ್ಯಾಕೆ ಯೋಳ್ಲಿಲ್ಲ?"

ಅವಳು ಚೊಂಬಿನಲ್ಲಿದ್ದ ಕೊನೆಯ ನೀರನ್ನೂ ಅವನ ಪಾದದ ಮೇಲೆ ಸುರಿದಳು.

"ನಾನು ಮರಳುಗಾಡ ನೋಡಿರ್ಲಿಲ್ವಲ್ಲ" ಎಂದಳು.